ಒಳಗಿಲ್ಲದ ಶಿಲ್ಪ

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಹೊರಟು ಹಡ್ಸನ್ ನದಿಯ ದಡದುದ್ದಕ್ಕೂ ಸಾಗುವ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ ಕೂತರೆ ಬೀಕನ್ ಎಂಬ ಸಣ್ಣ ಊರು ಬರುತ್ತದೆ. ನಬಿಸ್ಕೊ ಬಿಸ್ಕತ್ತು ಕಂಪನಿಯ ಡಬ್ಬಿಗಳನ್ನು ಮುದ್ರಿಸಲು 1929ರಲ್ಲಿ ಕಟ್ಟಿದ ಕಾರ್ಖಾನೆಯೊಂದು ಅಲ್ಲಿದೆ. 2003ರ ಮೇ ತಿಂಗಳಿಂದ ಅದು ಡಿಯಾ ಆರ್ಟ್ ಫೌಂಡೇಶನ್ನಿನ ಕಲಾ ಸಂಗ್ರಹಾಲಯ. ಕೆಲವು ವರ್ಷಗಳ ಹಿಂದೆ, ನೆಂಟರ ಮನೆಗೆಂದು ಆ ದೇಶಕ್ಕೆ ಹೋಗಿದ್ದಾಗ, ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ. ಮೇಲಿನಿಂದ ಹಗಲ ಬೆಳಕು ಇಳಿಯುತ್ತಿದ್ದ ಹಜಾರದಲ್ಲಿ ನಡೆಯುತ್ತಿದ್ದವನು ತಟ್ಟನೆ ನಿಂತೆ. ಎದುರಿಗೆ ನೆಲದಿಂದ ಚಾವಣಿಯವರೆಗೆ ದೊಡ್ಡ ಗಾಜಿನ ಹಲಗೆ. ಡಿಕ್ಕಿ ಹೊಡೆಯುತ್ತೇನೆಂದು ಕಾಲು ತಾನಾಗಿ ಹಿಂದೆ ಸರಿಯಿತು.

ಮತ್ತೆ ನೋಡಿದೆ. ಗಾಜು ಇರಲಿಲ್ಲ. ಚಾವಣಿಯಿಂದ ಇಳಿದು, ನೆಲದ ಮೇಲೆ ಒಂದಷ್ಟು ದೂರ ಓಡಿ, ಮತ್ತೆ ಚಾವಣಿಗೆ ಏರಿದ ಒಂದು ಎಳೆ ಉಲ್ಲನ್ ದಾರ ಇತ್ತು, ಅಷ್ಟೇ. ಉಳಿದ ಗಾಜನ್ನೆಲ್ಲ ನನ್ನ ಕಣ್ಣು ತುಂಬಿಕೊಂಡಿತ್ತು.

ಆ ದಾರವನ್ನು ಕಟ್ಟುವ ರೀತಿಯನ್ನು ಕಂಡುಕೊಂಡವನು ಫ್ರೆಡ್ ಸ್ಯಾಂಡ್‌ಬ್ಯಾಕ್. ಅವನ ಕೃತಿಗಳ ಫೋಟೋಗಳನ್ನು ಅದಕ್ಕೂ ಎಷ್ಟೋ ಮೊದಲೇ ಪುಸ್ತಕಗಳಲ್ಲಿ ನೋಡಿ, ಇದನ್ನು ಯಾರು ಬೇಕಾದರೂ ಮಾಡಬಹುದಲ್ಲ ಎಂದು ನಕ್ಕು ಪುಟ ತಿರುಗಿಸಿದ್ದೆ. ಬೀಕನ್ನಿನಲ್ಲಿ ಹಿಂದೆ ಸರಿದ ಆ ಒಂದು ಹೆಜ್ಜೆ ನಗುವನ್ನು ನಿಲ್ಲಿಸಿತು. ಯಾರು ಬೇಕಾದರೂ ಮಾಡಬಹುದು ಎಂಬ ಮಾತು ಸುಳ್ಳಾಗಲಿಲ್ಲ. ಆದರೆ ಅದು ಒಂದು ಪ್ರಶ್ನೆಯಾಗಿ ತಿರುಗಿಕೊಂಡಿತು: ಯಾರು ಬೇಕಾದರೂ ಮಾಡಬಹುದಾದದ್ದು ಒಬ್ಬನ ಕೃತಿಯಾಗಿ ಉಳಿಯುವುದು ಹೇಗೆ? ಅದೂ ಅವನು ಸತ್ತ ಮೇಲೆ?

ದಾರವೊಂದು ಗೋಡೆಯಾಗುವುದನ್ನು ನಾನು ಮೊದಲು ಕಂಡದ್ದು ಕಲಾ ಸಂಗ್ರಹಾಲಯದಲ್ಲಿ ಅಲ್ಲ. ನನಗೆ ಹತ್ತು ವರ್ಷವಿದ್ದಾಗ ನಮ್ಮ ಮನೆಯ ಪಾಯ ತೆಗೆಯುವ ಮುನ್ನ ಮೇಸ್ತ್ರಿ ನಿವೇಶನದ ಮೂಲೆಗಳಲ್ಲಿ ಗೂಟ ಹೊಡೆದು, ಮೂಲೆಮಟ್ಟ ಹಿಡಿದು ನೋಡಿ, ಗೂಟದಿಂದ ಗೂಟಕ್ಕೆ ದಾರ ಬಿಗಿದಿದ್ದ. ದಾರ ಪಾದದ ಗಂಟಿನಷ್ಟು ಎತ್ತರದಲ್ಲಿತ್ತು, ಎಲ್ಲಿಂದ ಬೇಕಾದರೂ ದಾಟಬಹುದಿತ್ತು. ನಮ್ಮಮ್ಮ ಮಾತ್ರ, "ಬಾಗಿಲು ಎಲ್ಲಿ ಬರುತ್ತೆ?" ಎಂದು ಕೇಳಿ, ಮೇಸ್ತ್ರಿ ತೋರಿಸಿದ ಕಡೆಗೆ ಸುತ್ತಿ ಬಂದು, ಅಲ್ಲಿಂದಲೇ ಒಳಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಒಲೆಯ ಜಾಗ ನೋಡಿದಳು. ಇನ್ನೂ ಇಲ್ಲದ ಗೋಡೆಗೆ ಅವಳ ಮೈ ಮರ್ಯಾದೆ ಕೊಟ್ಟಿತ್ತು. ಸ್ಯಾಂಡ್‌ಬ್ಯಾಕ್ ಮೂವತ್ತೈದಕ್ಕೂ ಹೆಚ್ಚು ವರ್ಷ ಮಾಡಿದ ಕೆಲಸಕ್ಕೆ ಆಧಾರ ಮೈಯ ಈ ನಡವಳಿಕೆಯೇ.

ಅವನು ಹುಟ್ಟಿದ್ದು 1943ರಲ್ಲಿ, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್ಲಿನಲ್ಲಿ. ಹುಡುಗನಾಗಿದ್ದಾಗ ಬ್ಯಾಂಜೊ, ಡಲ್ಸಿಮರ್‌ನಂಥ ತಂತಿವಾದ್ಯಗಳನ್ನು ಕೈಯಾರೆ ಮಾಡುತ್ತಿದ್ದ. ಬಿಗಿದ ತಂತಿಗೂ ಸಡಿಲ ತಂತಿಗೂ ಇರುವ ವ್ಯತ್ಯಾಸ ಅವನಿಗೆ ಬೆರಳಿನಿಂದಲೇ ಗೊತ್ತಿತ್ತು ಎನ್ನಬೇಕು. ಯೇಲ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ 1966ರಲ್ಲಿ ಪದವಿ ಪಡೆದ. ಅಲ್ಲಿಯೇ ಕಲೆ ಮತ್ತು ವಾಸ್ತುಶಿಲ್ಪದ ಶಾಲೆಯಲ್ಲಿ ಶಿಲ್ಪಕಲೆಯ ವಿದ್ಯಾರ್ಥಿಯಾಗಿ 1969ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ. ಅಲ್ಲಿಗೆ ಸಂದರ್ಶಕರಾಗಿ ಬಂದು ಪಾಠ ಹೇಳಿದವರಲ್ಲಿ ಡೊನಾಲ್ಡ್ ಜಡ್ ಮತ್ತು ರಾಬರ್ಟ್ ಮಾರಿಸ್ ಇದ್ದರು.

ಈ ಎರಡು ಹೆಸರುಗಳ ತೂಕ ಅರಿಯಲು 1966ನೇ ಇಸವಿಯನ್ನು ನೆನೆಯಬೇಕು. ಆ ವರ್ಷ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂನಲ್ಲಿ 'ಪ್ರೈಮರಿ ಸ್ಟ್ರಕ್ಚರ್ಸ್' ಎಂಬ ಪ್ರದರ್ಶನ ನಡೆಯಿತು. ಕಾರ್ಲ್ ಆಂಡ್ರೆ ಅಲ್ಲಿ 137 ಇಟ್ಟಿಗೆಗಳನ್ನು ನೆಲದ ಮೇಲೆ ಒಂದೇ ಸಾಲಿನಲ್ಲಿ ಜೋಡಿಸಿಟ್ಟ. ಗಾರೆ ಹಾಕಲಿಲ್ಲ, ಪೀಠ ಕಟ್ಟಲಿಲ್ಲ. ಜಡ್ ಮತ್ತು ಮಾರಿಸ್ ಕೃತಿಗಳೂ ಅಲ್ಲಿದ್ದವು. ಕೆತ್ತನೆಯಿಲ್ಲ, ಆಕೃತಿಯಿಲ್ಲ, ಕಥೆಯಿಲ್ಲ. ಪೆಟ್ಟಿಗೆ, ತೊಲೆ, ಇಟ್ಟಿಗೆ. ವಸ್ತು ಏನನ್ನೂ ಸೂಚಿಸದೆ ತಾನು ತಾನಾಗಿ ನೋಡುವವರ ಜೊತೆ ಒಂದೇ ನೆಲದ ಮೇಲೆ ನಿಲ್ಲಬೇಕೆಂಬುದು ಈ ಕಲಾವಿದರ ಹಟ. ಇದಕ್ಕೆ ಮಿನಿಮಲಿಸಂ ಎಂಬ ಹೆಸರು ಅಂಟಿಕೊಂಡಿತು, ಅವರಲ್ಲಿ ಬಹುತೇಕರಿಗೆ ಆ ಹೆಸರು ಹಿಡಿಸದಿದ್ದರೂ.

ಆದರೆ ಪೆಟ್ಟಿಗೆಗೆ ಒಂದು ತೊಡಕಿದೆ. ಪೆಟ್ಟಿಗೆ ಇದ್ದರೆ ಅದಕ್ಕೊಂದು ಒಳಗು ಇರುತ್ತದೆ. ಒಳಗು ಇದ್ದರೆ ಅದರಲ್ಲೇನಿದೆ ಎಂಬ ಕುತೂಹಲ ಹುಟ್ಟುತ್ತದೆ, ಗುಟ್ಟು ಹುಟ್ಟುತ್ತದೆ. ಗುಟ್ಟಿಲ್ಲದ ವಸ್ತುವನ್ನು ಮಾಡಹೊರಟವರಿಗೆ ಇದು ಸಣ್ಣ ಮುಜುಗರವಲ್ಲ. ವಿದ್ಯಾರ್ಥಿ ಸ್ಯಾಂಡ್‌ಬ್ಯಾಕ್ ಸಿಕ್ಕಿಕೊಂಡದ್ದು ಇಲ್ಲಿ. ಅವನಿಗೆ ಒಳಗಿಲ್ಲದ ಶಿಲ್ಪ ಬೇಕಿತ್ತು. ಶಿಲ್ಪದ ಭಾಗಗಳನ್ನು ಜೋಡಿಸುವ ರಗಳೆಯ ಬಗ್ಗೆ ಅವನು ಗೊಣಗುತ್ತಿದ್ದಾಗ, ಅಧ್ಯಾಪಕನಾಗಿದ್ದ ಶಿಲ್ಪಿ ಜಾರ್ಜ್ ಶುಗರ್‌ಮನ್, ಅಷ್ಟು ಬೇಸರವಾಗಿದ್ದರೆ ಒಂದು ದಾರದುಂಡೆ ತಗೊಂಡು ಏನಾದರೂ ಮಾಡಿ ಮುಗಿಸಬಾರದೇ ಎಂಬರ್ಥದ ಮಾತು ಹೇಳಿದನಂತೆ. ಹುಡುಗ ಅದನ್ನೇ ಮಾಡಿದ. ದಾರ ಮತ್ತು ಸ್ವಲ್ಪ ತಂತಿ ಬಳಸಿ, ನೆಲದ ಮೇಲೆ ಮಲಗಿದ ಎರಡಿಂಚು ನಾಲ್ಕಿಂಚಿನ ಮರದ ತುಂಡೊಂದರ ಅಂಚುಗಳನ್ನಷ್ಟೇ ಎಳೆದ. ಮರವಿಲ್ಲ, ಮರದ ಅಂಚುಗಳಿವೆ. ಒಳಗು ಹೊರಗು ಎರಡೂ ಒಂದೇ ಗಾಳಿ.

ಕಲೆಯೊಳಗೆ ದಾರ ಬಂದದ್ದು ಅದೇ ಮೊದಲೇನಲ್ಲ. ಮಾರ್ಸೆಲ್ ದುಶಾಂ 1913-14ರಲ್ಲಿ ಒಂದು ಮೀಟರ್ ಉದ್ದದ ಮೂರು ದಾರಗಳನ್ನು ಒಂದು ಮೀಟರ್ ಎತ್ತರದಿಂದ ಬೀಳಿಸಿ, ಅವು ಬಿದ್ದ ಡೊಂಕುಗಳನ್ನೇ ಹೊಸ ಅಳತೆಗೋಲುಗಳನ್ನಾಗಿ ಮಾಡಿಟ್ಟಿದ್ದ. 1942ರಲ್ಲಿ ನ್ಯೂಯಾರ್ಕಿನ ಸರ್ರಿಯಲಿಸ್ಟ್ ಪ್ರದರ್ಶನವೊಂದರಲ್ಲಿ ಅವನೇ ಕೋಣೆಯ ತುಂಬ ಜೇಡರ ಬಲೆಯಂತೆ ದಾರ ಕಟ್ಟಿ, ಚಿತ್ರಗಳ ಹತ್ತಿರ ಯಾರೂ ಸುಲಭಕ್ಕೆ ಹೋಗದಂತೆ ಮಾಡಿದ್ದ. ಉದ್ಘಾಟನೆಯ ದಿನ ಮಕ್ಕಳು ಅದರ ನಡುವೆ ಚೆಂಡಾಡುತ್ತಿದ್ದರು. ಅದೇ ಕಾಲಕ್ಕೆ ನಾಮ್ ಗಾಬೊ ಪಾರದರ್ಶಕ ಪ್ಲಾಸ್ಟಿಕ್ ಚೌಕಟ್ಟುಗಳ ಮೇಲೆ ನೈಲಾನ್ ಎಳೆಗಳನ್ನು ವಾದ್ಯದ ತಂತಿಗಳಂತೆ ಒತ್ತೊತ್ತಾಗಿ ಬಿಗಿದು ಶಿಲ್ಪ ಮಾಡುತ್ತಿದ್ದ. ದುಶಾಂನ ದಾರ ತಮಾಷೆ ಮಾಡುತ್ತದೆ, ದಾರಿ ತಡೆಯುತ್ತದೆ. ಗಾಬೊನ ದಾರಕ್ಕೆ ಚೌಕಟ್ಟು ಬೇಕು. ಸ್ಯಾಂಡ್‌ಬ್ಯಾಕ್ ಎರಡನ್ನೂ ಬಿಟ್ಟ. ಅವನಿಗೆ ಕೋಣೆಯೇ ಚೌಕಟ್ಟು, ದಾರಿ ತೆರೆದೇ ಇರಬೇಕು. 1968ರ ಸುಮಾರಿಗೆ ಅವನೂ ಒಬ್ಬ ಗೆಳೆಯನೂ ಸೇರಿ ಇದಕ್ಕೊಂದು ಹೆಸರಿಟ್ಟರು. ಕನ್ನಡದಲ್ಲಿ ಅದನ್ನು 'ಪಾದಚಾರಿ ಅವಕಾಶ' ಎನ್ನಬಹುದು. ಪೀಠದ ಮೇಲಿಟ್ಟು ದೂರದಿಂದ ಕೈಮುಗಿಯುವ ಜಾಗವಲ್ಲ, ಜನ ಓಡಾಡುವ ಸಾಮಾನ್ಯ ಜಾಗ. ಅದೇ ವರ್ಷ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ ಕೊನ್ರಾಡ್ ಫಿಷರ್ ಮತ್ತು ಮ್ಯೂನಿಕ್‌ನಲ್ಲಿ ಹೈನರ್ ಫ್ರೀಡ್ರಿಕ್ ಅವನ ಪ್ರದರ್ಶನಗಳನ್ನು ಏರ್ಪಡಿಸಿದರು.

ಮೊದಮೊದಲು ಅವನು ಎಲಾಸ್ಟಿಕ್ ಹುರಿ, ಉಕ್ಕಿನ ಸರಳುಗಳನ್ನು ಬಳಸುತ್ತಿದ್ದ. 1970ರ ದಶಕದ ಮೊದಲಲ್ಲಿ ಅಕ್ರಿಲಿಕ್ ನೂಲಿಗೆ ಬಂದ, ಸ್ವೆಟರ್ ಹೆಣೆಯುವ ಸಾಮಾನ್ಯ ನೂಲು. ತಂತಿಯ ಅಂಚು ಚೂಪು, ಅದು ಗಾಳಿಯನ್ನು ಕುಯ್ದಂತೆ ಕಾಣುತ್ತದೆ. ನೂಲಿಗೆ ಸಣ್ಣ ನವಿರು ಇರುತ್ತದೆ, ಹಾಗಾಗಿ ಅದರ ಅಂಚು ಗಾಳಿಯಲ್ಲಿ ಕರಗುತ್ತದೆ. ತುದಿಗಳು ಗೋಡೆ, ನೆಲ, ಚಾವಣಿಗಳ ಸಣ್ಣ ತೂತುಗಳಲ್ಲಿ ಸೇರಿಹೋಗುತ್ತವೆ. ಗಂಟು ಕಾಣುವುದಿಲ್ಲ. ದಾರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿದೆ, ಈ ಕೋಣೆಯಲ್ಲಿ ಅದರ ಒಂದು ತುಂಡಷ್ಟೇ ನಮಗೆ ಕಾಣುತ್ತಿದೆ ಎನಿಸುತ್ತದೆ.

ಗಾಜು ಕಂಡದ್ದಕ್ಕೆ ವಿವರಣೆ ಇದೆ. ಇಟಲಿಯ ಮನಶ್ಶಾಸ್ತ್ರಜ್ಞ ಗಯೆಟಾನೊ ಕಾನಿಜ್ಸಾ 1955ರಲ್ಲಿ ಒಂದು ಚಿತ್ರ ಪ್ರಕಟಿಸಿದ. ತುಂಡು ಕತ್ತರಿಸಿದ ಮೂರು ಕಪ್ಪು ವೃತ್ತಗಳು, ಕೆಲವು ಗೆರೆಗಳು. ಅವುಗಳ ನಡುವೆ ಯಾರೂ ಬರೆಯದ ಬಿಳಿ ತ್ರಿಕೋನವೊಂದು, ಸುತ್ತಲಿನ ಕಾಗದಕ್ಕಿಂತ ಹೆಚ್ಚು ಬೆಳ್ಳಗೆ, ಎದ್ದು ಕಾಣುತ್ತದೆ. ಅರ್ಧ ಅಂಚು ಸಿಕ್ಕರೆ ಕಣ್ಣು ಪೂರ್ತಿ ಮೇಲ್ಮೈಯನ್ನು ಕಟ್ಟಿಕೊಳ್ಳುತ್ತದೆ. ಆದರೆ ಕಾನಿಜ್ಸಾನ ತ್ರಿಕೋನ ಕಾಗದದ ಮೇಲಿದೆ, ಅದಕ್ಕೆ ಹೆದರಿ ಯಾರೂ ನಿಲ್ಲುವುದಿಲ್ಲ. ಸ್ಯಾಂಡ್‌ಬ್ಯಾಕ್‌ನ ಗಾಜು ನಮ್ಮ ಎತ್ತರಕ್ಕಿದೆ, ನಾವು ನಡೆಯುವ ದಾರಿಯಲ್ಲಿದೆ. ಕಣ್ಣಿಗೆ ಭ್ರಮೆಯೆಂದು ತಿಳಿದ ಮೇಲೂ ಭುಜ ಒಂದು ಕಡೆಗೆ ವಾಲುತ್ತದೆ. ವಸ್ತುಸ್ಥಿತಿ ಮತ್ತು ಭ್ರಮೆ ಎರಡೂ ಸಮನೆಂದು ಅವನು ನಂಬಿದ್ದ. ಒಂದನ್ನು ತೆಗೆದು ಇನ್ನೊಂದನ್ನು ತೋರಿಸುವ ಗಾರುಡಿ ಅವನದಲ್ಲ. ದಾರ ದಾರವಾಗಿಯೇ ಕಾಣುತ್ತದೆ, ಅದರ ಪಕ್ಕದಲ್ಲೇ ಗಾಜೂ ಕಾಣುತ್ತದೆ.

ಈ ಕೆಲಸದ ಇನ್ನೊಂದು ಮುಖ ಅವನ ರೇಖಾಚಿತ್ರಗಳು. ಕಟ್ಟಡ ನಕ್ಷೆ ಬರೆಯುವವರ ಐಸೊಮೆಟ್ರಿಕ್ ಪದ್ಧತಿಯಲ್ಲಿ ಕೋಣೆಯ ಮೂಲೆ, ನೆಲ, ಗೋಡೆಗಳನ್ನು ತೆಳು ಗೆರೆಗಳಲ್ಲಿ ಬರೆದು, ಅವುಗಳ ನಡುವೆ ನೂಲಿನ ದಾರಿಯನ್ನು ಬಣ್ಣದ ಗೆರೆಯಲ್ಲಿ ಎಳೆಯುತ್ತಿದ್ದ. ನೋಡಿದರೆ ಇಂಜಿನಿಯರ್ ಕಚೇರಿಯ ಹಾಳೆಯಂತಿವೆ. ಹಾಗಾದರೆ ಈ ನಕ್ಷೆಯೇ ಕೃತಿಯೇ? ದಾರ ಕಟ್ಟುವುದು ಬರೀ ಅದರ ಜಾರಿಯೇ?

ಇಲ್ಲಿ ಅವನ ಸಮಕಾಲೀನರಾದ ಇಬ್ಬರನ್ನು ಪಕ್ಕದಲ್ಲಿಟ್ಟು ನೋಡಬೇಕು. ಒಬ್ಬ ಸಾಲ್ ಲೆವಿಟ್. 1967ರಲ್ಲಿ 'ಆರ್ಟ್‌ಫೋರಂ' ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ಯೋಜನೆಯೇ ಕಲೆಯ ಮುಖ್ಯ ಭಾಗ, ನಿರ್ವಹಣೆ ಯಾಂತ್ರಿಕವಾಗಿದ್ದರೂ ಸರಿ ಎಂದು ವಾದಿಸಿದ. 1968ರಿಂದ ಗೋಡೆಯ ಮೇಲೆ ನೇರವಾಗಿ ಚಿತ್ರ ಬರೆಯತೊಡಗಿ, ಮುಂದೆ ಅದಕ್ಕೆ ಬರಹದ ಸೂಚನೆ ಕೊಟ್ಟ. ಗೆರೆ ಎಳೆದದ್ದು ಬೇರೆಯವರು. ಪ್ರದರ್ಶನ ಮುಗಿದರೆ ಗೋಡೆಗೆ ಬಣ್ಣ ಬಳಿಯಬಹುದು, ಸೂಚನೆ ಉಳಿದರೆ ಕೃತಿ ಉಳಿಯಿತು.

ಇನ್ನೊಬ್ಬ ರಿಚರ್ಡ್ ಸೆರಾ, ಇವನೂ ಯೇಲ್‌ನವನೇ. 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ, ಸರ್ಕಾರದ ಹಣದಿಂದ, ಅವನ 'ಟಿಲ್ಟೆಡ್ ಆರ್ಕ್' ನಿಂತಿತು. 120 ಅಡಿ ಉದ್ದದ, 12 ಅಡಿ ಎತ್ತರದ, ಸ್ವಲ್ಪ ವಾಲಿದ ಉಕ್ಕಿನ ಗೋಡೆ. ಅಲ್ಲಿನ ಕಚೇರಿಗಳ ನೌಕರರು ಚೌಕವನ್ನು ದಾಟಲು ಅದನ್ನು ಸುತ್ತಿಕೊಂಡು ಹೋಗಬೇಕಾಯಿತು. ದೂರುಗಳು ಬಂದವು, 1985ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. ಬೇರೆಡೆಗೆ ಸಾಗಿಸೋಣ ಎಂಬ ಸಲಹೆಗೆ ಸೆರಾ ಒಪ್ಪಲಿಲ್ಲ. ಈ ಜಾಗಕ್ಕೆಂದೇ ಮಾಡಿದ್ದನ್ನು ಇಲ್ಲಿಂದ ಕದಲಿಸಿದರೆ ಅದು ನಾಶವಾದಂತೆಯೇ ಎಂದ. 1989ರ ಮಾರ್ಚ್‌ನಲ್ಲಿ ಒಂದು ರಾತ್ರಿ ಅದನ್ನು ಕತ್ತರಿಸಿ ಸಾಗಿಸಿದರು. ಮತ್ತೆಂದೂ ಅದು ಎಲ್ಲಿಯೂ ನಿಲ್ಲಲಿಲ್ಲ.

ಅದೇ 1981ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ವಿಂಚೆಂಡನ್ ಎಂಬ ಸಣ್ಣ ಊರಿನಲ್ಲಿ, ಹಳೆಯ ಬ್ಯಾಂಕ್ ಕಟ್ಟಡವೊಂದರಲ್ಲಿ, ಡಿಯಾ ಸಂಸ್ಥೆ 'ಫ್ರೆಡ್ ಸ್ಯಾಂಡ್‌ಬ್ಯಾಕ್ ಮ್ಯೂಸಿಯಂ' ತೆರೆಯಿತು. ಒಂದು ಕಾಲದಲ್ಲಿ ಆಟಿಕೆ ಕಾರ್ಖಾನೆಗಳಿಗೆ ಹೆಸರಾಗಿ 'ಟಾಯ್ ಟೌನ್' ಎನಿಸಿಕೊಂಡಿದ್ದ ಊರು ಅದು. ಹಣ ಕಾಯ್ದಿಟ್ಟ ಕಟ್ಟಡದಲ್ಲಿ ಈಗ ಕಾಯಲು ಉಲ್ಲನ್ ಎಳೆಗಳು. ಅದು 1996ರವರೆಗೆ ನಡೆದು ಮುಚ್ಚಿತು. ಮಹಾನಗರದ ಆ ಗೋಡೆಯನ್ನು ತೆಗೆಯಲು ವಿಚಾರಣೆ, ನ್ಯಾಯಾಲಯ, ಕ್ರೇನು, ಎಂಟು ವರ್ಷ ಬೇಕಾದವು. ದಾರ ಬಿಚ್ಚಲು ಒಂದು ಕತ್ತರಿ ಸಾಕು. ಒಂದೇ ವರ್ಷ ಹುಟ್ಟಿದ ಇವೆರಡನ್ನೂ ಕಲಾಚರಿತ್ರೆ ಸ್ಥಳನಿರ್ದಿಷ್ಟ ಕಲೆ ಎಂಬ ಒಂದೇ ಕಪಾಟಿನಲ್ಲಿಡುತ್ತದೆ. ನನಗೆ ಆ ಕಪಾಟು ಸಾಲದು ಎನಿಸುತ್ತದೆ. ಸೆರಾನಿಗೆ ಜಾಗವೇ ಕೃತಿ. ಲೆವಿಟ್‌ನಿಗೆ ಯೋಜನೆಯೇ ಕೃತಿ. ಸ್ಯಾಂಡ್‌ಬ್ಯಾಕ್ ಒಂದೇ ರೂಪವನ್ನು ಬೇರೆ ಬೇರೆ ಕೋಣೆಗಳಲ್ಲಿ, ಆಯಾ ಕೋಣೆಯ ಅಳತೆಗೆ ಹೊಂದಿಸಿ ಮತ್ತೆ ಮತ್ತೆ ಕಟ್ಟಿದ, ಆದ್ದರಿಂದ ಸೆರಾನ ನಿಲುವು ಅವನದಲ್ಲ. ಆದರೆ ಮೊದಲು ವಿಚಾರ, ಆಮೇಲೆ ಅದರ ನಿರ್ವಹಣೆ ಎಂಬ ವಿಂಗಡಣೆಯನ್ನೂ ಅವನು ಒಪ್ಪಲಿಲ್ಲ. ತನಗೆ ಎರಡೂ ಒಟ್ಟಿಗೇ ಆಗುತ್ತವೆ ಎಂದು ಬರೆದ. ಆದ್ದರಿಂದ ಲೆವಿಟ್‌ನ ನಿಲುವೂ ಅವನದಲ್ಲ.

ನಮ್ಮ ಭಾಷೆಯಲ್ಲಿ ಸೂತ್ರ ಎಂದರೆ ದಾರವೂ ಹೌದು, ನಿಯಮವೂ ಹೌದು. ಲೆವಿಟ್ ನಿಯಮವನ್ನು ಹಿಡಿದ. ಸ್ಯಾಂಡ್‌ಬ್ಯಾಕ್ ದಾರವನ್ನು ಹಿಡಿದ. ನಿಯಮವನ್ನು ಬರೆದಿಟ್ಟು ಸಾಯಬಹುದು. ದಾರ ಹಿಡಿದವನು ಸತ್ತರೆ?

2003ರ ಜೂನ್ 23ರಂದು, ಬೀಕನ್ ಸಂಗ್ರಹಾಲಯ ತೆರೆದು ಒಂದು ತಿಂಗಳು ದಾಟಿದ ಸ್ವಲ್ಪ ದಿನಗಳಲ್ಲೇ, ಸ್ಯಾಂಡ್‌ಬ್ಯಾಕ್ ತೀರಿಕೊಂಡ. ಅವನಿಗೆ 59 ವರ್ಷ. ಅಂದಿನಿಂದ ಅವನ ಪ್ರದರ್ಶನಗಳು ನಿಂತಿಲ್ಲ. ಅವನ ವಾರಸುದಾರರು ನೋಡಿಕೊಳ್ಳುವ ಎಸ್ಟೇಟಿನ ಮೂಲಕ, ಅವನ ರೇಖಾಚಿತ್ರಗಳನ್ನು ಆಧರಿಸಿ ದಾರ ಕಟ್ಟಲಾಗುತ್ತದೆ. ಕೆಲವು ಕೃತಿಗಳ ಚೀಟಿಯಲ್ಲಿ ಎರಡು ಇಸವಿಗಳಿರುತ್ತವೆ, ನಡುವೆ ಒಂದು ಓರೆಗೆರೆ. ಮೊದಲನೆಯದು ರೂಪ ಹೊಳೆದ ಕಾಲ, ಎರಡನೆಯದು ಅದನ್ನು ಕಟ್ಟಿದ ಕಾಲ. ಕೆಲವದರಲ್ಲಿ ಎರಡನೆಯ ಇಸವಿ ಅವನ ಸಾವಿನ ಆಚೆಗೆ ಬೀಳುತ್ತದೆ.

ಇದರ ಬಗ್ಗೆ ನನಗೆ ಸಮಾಧಾನವಿಲ್ಲ. ವಿಚಾರವೂ ನಿರ್ವಹಣೆಯೂ ಒಟ್ಟಿಗೇ ಆಗುತ್ತವೆ ಎಂದವನ ಕೃತಿಯನ್ನು ಅವನಿಲ್ಲದೆ ನಿರ್ವಹಿಸುವುದು ಅವನ ಮಾತಿಗೇ ಎದುರಾಡಿದಂತಲ್ಲವೇ? ಕೋಣೆಯಲ್ಲಿ ನಿಂತು, ಇನ್ನು ಅರ್ಧ ಇಂಚು ಈಚೆಗೆ ಎನ್ನುತ್ತಿದ್ದ ಕಣ್ಣು ನಕ್ಷೆಯಲ್ಲಿ ಸಿಗುವುದಿಲ್ಲ. ಜೊತೆಗೆ ಇನ್ನೊಂದು ಮುಜುಗರವಿದೆ. ಸ್ವೆಟರಿನ ನೂಲಿನ ಈ ಕಲೆಗೆ ದೊಡ್ಡ ಬಿಳಿ ಕೋಣೆ ಬೇಕು, ಕಾವಲುಗಾರ ಬೇಕು, ಇದು ಅವನದೇ ಎಂದು ಹೇಳುವ ಕಾಗದ ಬೇಕು. ಪಾದಚಾರಿಯ ಅವಕಾಶಕ್ಕೆ ಟಿಕೆಟ್ ಬಂದಿದೆ.

ಇನ್ನೊಂದು ಕಡೆ ಬೀಕನ್ನಿನಲ್ಲಿ ನನ್ನ ಕಾಲು ಹಿಂದೆ ಸರಿದದ್ದೂ ನಿಜ. ಆಗ ಅವನು ಸತ್ತು ಎಷ್ಟೋ ವರ್ಷಗಳಾಗಿದ್ದವು. ಕಲಾವಿದೆ ಆಂಡ್ರಿಯಾ ಫ್ರೇಸರ್ ಮ್ಯೂಸಿಯಂಗಳ ಸೋಗನ್ನು ಬಯಲಿಗೆಳೆಯುವುದಕ್ಕೇ ಹೆಸರಾದವಳು. ಅಂಥವಳು ಸ್ಯಾಂಡ್‌ಬ್ಯಾಕ್‌ನ ಕೆಲಸ ನನ್ನನ್ನು ಏಕೆ ಅಳಿಸುತ್ತದೆ ಎಂದು ಕೇಳಿಕೊಂಡು 2006ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದಳು. ಅವನು ತನ್ನನ್ನು ಅಷ್ಟು ಹಿಂದಕ್ಕೆ ಸರಿಸಿಕೊಂಡದ್ದರಿಂದಲೇ ತನಗೊಂದು ಜಾಗ ಸಿಕ್ಕಿತು ಎಂಬುದು ಅವಳು ಕಂಡುಕೊಂಡ ಕಾರಣಗಳಲ್ಲೊಂದು. ನನಗೆ ಈ ಮಾತು ದಾರಿ ತೋರಿತು. ಅವನ ಕೃತಿ ಪೂರ್ತಿಯಾಗುವುದು ದಾರ ಕಟ್ಟಿದಾಗಲ್ಲ, ಯಾರಾದರೂ ಅದರ ಮುಂದೆ ನಡೆದು ಬಂದಾಗ. ಹಾಗಾದರೆ ಎರಡನೆಯ ಇಸವಿ ಎಂದೂ ಅವನೊಬ್ಬನದಾಗಿರಲಿಲ್ಲ, ಅವನು ಬದುಕಿದ್ದಾಗಲೂ. ಅರ್ಧ ಇಂಚಿನ ನಷ್ಟ ನಷ್ಟವೇ. ಆದರೆ ಅದು ಪೂರ್ತಿ ನಷ್ಟವಲ್ಲ.

ದಾರದ ಬಗ್ಗೆ ಬರೆಯುತ್ತ ಕನ್ನಡ ನೆಲದ ಕಲಾವಿದೆಯೊಬ್ಬರನ್ನು ಬಿಡುವಂತಿಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜಿನಲ್ಲಿ ಕಲಿತು, ಬೆಂಗಳೂರಿನಲ್ಲೇ ಕೆಲಸ ಮಾಡುವ ಶೀಲಾ ಗೌಡ ಅವರು 1998ರಲ್ಲಿ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ಎಂಬ ಕೃತಿ ಮಾಡಿದರು. ಸೂಜಿಗಳಿಗೆ ಪೋಣಿಸಿದ ಉದ್ದುದ್ದ ದಾರಗಳನ್ನು ಒಟ್ಟುಗೂಡಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಹಗ್ಗವಾಗಿಸಿದ್ದಾರೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೇ ಉಳಿದಿದೆ. ಪ್ರತಿ ಕೋಣೆಯಲ್ಲೂ ಆ ಕೆಂಪು ಹಗ್ಗ ಗೋಡೆ ಹತ್ತಿ, ನೆಲಕ್ಕೆ ಜೋತು, ಸುರುಳಿಯಾಗಿ ಬೇರೆಯದೇ ಆಕಾರ ತಾಳುತ್ತದೆ. ಇದೂ ಗಾಳಿಯಲ್ಲಿ ಎಳೆದ ಗೆರೆಯೇ. ಆದರೆ ಇಲ್ಲಿ ದಾರ ಬರೀ ದಾರವಲ್ಲ. ಸೂಜಿಯ ಕಣ್ಣಿಗೆ ಮತ್ತೆ ಮತ್ತೆ ದಾರ ಪೋಣಿಸಿದ ಹೆಣ್ಣಿನ ದುಡಿಮೆ ಅದರಲ್ಲಿದೆ, ಕುಂಕುಮದ ಮಂಗಳವೂ ರಕ್ತವೂ ಇದೆ. ಸ್ಯಾಂಡ್‌ಬ್ಯಾಕ್‌ನ ಗೆರೆ ನನಗೆ ಜಾಗ ಬಿಟ್ಟುಕೊಡುತ್ತದೆ. ಈ ಗೆರೆ, ಆ ಜಾಗವನ್ನು ಗುಡಿಸಿ ಒರೆಸಿದವರು ಯಾರು ಎಂದು ಕೇಳುತ್ತದೆ. ಬೀಕನ್ನಿನ ಬಿಳಿ ಕೋಣೆಯಲ್ಲಿ ನಾನು ಈ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ಒಬ್ಬರ ಕೆಲಸ ಇನ್ನೊಬ್ಬರದನ್ನು ಸಣ್ಣದು ಮಾಡುವುದಿಲ್ಲ. ಎರಡನ್ನೂ ನೋಡಿದ ಮೇಲೆ ದಾರ ನಿರ್ದೋಷಿಯಾಗಿ ಮಾತ್ರ ಉಳಿಯುವುದಿಲ್ಲ.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ, ನಾನು ಅಂದು ಮಾಡಿದಂತೆ, ಇವನ ಕೃತಿಗಳ ಫೋಟೋ ಹುಡುಕಿ ನೋಡಿ ನಗಬಹುದು. ನಗುವುದರಲ್ಲಿ ತಪ್ಪಿಲ್ಲ. ಫೋಟೋದಲ್ಲಿ ನಿಜಕ್ಕೂ ಏನೂ ಇಲ್ಲ. ಬದಲಿಗೆ ಒಂದು ಉಂಡೆ ಉಲ್ಲನ್ ದಾರ ತಂದು ನಿಮ್ಮ ಹಾಸ್ಟೆಲ್ ಕೋಣೆಯ ಗೋಡೆಗೆ ಒಂದು ಮೊಳೆ, ಎದುರು ಮೂಲೆಯ ನೆಲದಲ್ಲಿ ಒಂದು ಮೊಳೆ ಹೊಡೆದು ಬಿಗಿಯಾಗಿ ಕಟ್ಟಿ. ಎರಡು ದಿನ ಬಿಡಿ. ರಾತ್ರಿ ನೀರು ಕುಡಿಯಲು ಎದ್ದಾಗ ಯಾವ ಕಡೆಯಿಂದ ಹೋಗುತ್ತೀರಿ ನೋಡಿಕೊಳ್ಳಿ. ಅದು ಸ್ಯಾಂಡ್‌ಬ್ಯಾಕ್ ಕೃತಿಯಲ್ಲ, ಯಾವ ಎಸ್ಟೇಟೂ ಅದಕ್ಕೆ ಕಾಗದ ಕೊಡುವುದಿಲ್ಲ. ಮೂರನೆಯ ದಿನ ಬಿಚ್ಚಿದ ಮೇಲೂ ನೀವು ಅದೇ ಕಡೆಯಿಂದ ಸುತ್ತಿ ಹೋದರೆ ಮಾತ್ರ ನಾನು ಹೇಳುತ್ತಿರುವುದು ಅರ್ಥವಾದೀತು.